ಡಾಕ್ಟರ್ ಹಾಲ್ಬರ್ಗ್‌ನ ಲೈಸೆನ್ಸ್

"ನಿಮ್ಮ ಹಾಲ್ಬರ್ಗ್ ಈಗ ನಮ್ಮ ಕಡೆ ಇದ್ದಾನೆ ಕಣ್ರೀ," ಎಂದ ಲೈಲ್, ಬ್ರೆಡ್ಡಿಗೆ ಬೆಣ್ಣೆ ಸವರುತ್ತ. ಬೆನ್ನು, ಕತ್ತುಗಳ ಮೂಳೆ ತಿರುವಿ ಸರಿಮಾಡುವ ಕೈರೋಪ್ರಾಕ್ಟರುಗಳಿಗೆ ಪಕ್ಕದ ರಾಜ್ಯದಲ್ಲಿ ಲೈಸೆನ್ಸ್ ಕೊಡುವ ಅಧಿಕಾರಿ ಅವನು. "ಹೋದ ತಿಂಗಳು ಲೈಸೆನ್ಸ್ ಕೊಟ್ವಿ."

ಈ ರಾಜ್ಯದ ಲೈಸೆನ್ಸ್ ಮಂಡಳಿಯ ತನಿಖಾಧಿಕಾರಿ ವರ್ಡಾ ತಟ್ಟೆ ಬಿಟ್ಟು ಅವನತ್ತ ತಿರುಗಿದಳು. ಅಮೆರಿಕದ ಒಮಾಹಾ ನಗರದ ಆ ಹೋಟೆಲಿನಲ್ಲಿ ಇನ್ನೈದು ನಿಮಿಷಕ್ಕೆ ವರ್ಷದ ಶ್ರೇಷ್ಠ ತನಿಖಾಧಿಕಾರಿ ಎಂದು ಅವಳ ಹೆಸರು ಕೂಗುವವರಿದ್ದರು. ಹಾಲ್ಬರ್ಗ್‌ನ ಪ್ರಕರಣಕ್ಕೇ ಆ ಪ್ರಶಸ್ತಿ. ಅವನು ಚಿಕಿತ್ಸೆಯೆಂದು ಕತ್ತು ತಿರುವಿದ ರಭಸಕ್ಕೆ ಟೆಸ್ ಎಂಬ ಇಪ್ಪತ್ತಾರರ ಹುಡುಗಿಗೆ ಲಕ್ವ ಹೊಡೆದಿತ್ತು.

"ಅವನ ದಾಖಲೆ ನೋಡಲಿಲ್ವಾ?"

"ನೋಡಿದ್ವಲ್ಲ. ತಾನಾಗೇ ಲೈಸೆನ್ಸ್ ವಾಪಸ್ ಕೊಟ್ಟ ಅಂತಷ್ಟೇ ಇತ್ತು. ಶಿಕ್ಷೆ ಅಂತ ಎಲ್ಲೂ ಇರ್ಲಿಲ್ಲ."

ಹಾಗೆ ಬರೆದವಳು ವರ್ಡಾಳೇ. ವಿಚಾರಣೆಯೆಂದರೆ ಎರಡು ವರ್ಷ ಎಳೆಯುತ್ತದೆ, ಅಷ್ಟರಲ್ಲಿ ಇನ್ನೆಷ್ಟು ಜನರ ಕತ್ತು ಮುಟ್ಟುತ್ತಾನೋ ಎಂಬ ಭಯಕ್ಕೆ, ಈಗಲೇ ಲೈಸೆನ್ಸ್ ಬಿಟ್ಟುಕೊಡುತ್ತೇನೆ, ಆದರೆ ಅದನ್ನು ಶಿಕ್ಷೆಯೆಂದು ದಾಖಲಿಸಬಾರದು ಎಂಬ ಅವನ ಷರತ್ತಿಗೆ ಸಹಿ ಹಾಕಿಬಿಟ್ಟಿದ್ದಳು.

ಹೆಸರು ಕೂಗಿದರು. ಅವಳು ಫಲಕ ಹಿಡಿದು ವೇದಿಕೆ ಇಳಿಯುವಾಗ ಸಭೆಯೆಲ್ಲ ಎದ್ದು ನಿಂತಿತ್ತು. ಮೊದಲ ಸಾಲಿನ ಗಾಲಿಕುರ್ಚಿಯಲ್ಲಿ ಟೆಸ್, ಬಲಗೈ ಆಡದ್ದರಿಂದ, ಎಡಗೈಯಿಂದ ತೊಡೆ ತಟ್ಟಿ ತಟ್ಟಿ ಚಪ್ಪಾಳೆ ಹೊಡೆಯುತ್ತಿದ್ದಳು. ಅವಳ ತಾಯಿ ನೋರೀನ್ ಬಂದು ವರ್ಡಾಳನ್ನು ಬಿಗಿಯಾಗಿ ಅಪ್ಪಿಕೊಂಡಳು.

"ಇನ್ಮೇಲೆ ಅವನು ಯಾರ ಕತ್ತಿಗೂ ಕೈ ಹಾಕಲ್ಲ, ಅಲ್ವಾ? ನಮಗೆ ಅದೊಂದೇ ಸಮಾಧಾನ ನೋಡಿ."

ನಿಜ ಹೇಳಲೆಂದೇ ವರ್ಡಾ ಬಾಯಿ ತೆರೆದಳು. ಟೆಸ್ ಅವಳನ್ನೇ ನೋಡುತ್ತಿದ್ದಳು.

"ಹಾಕಲ್ಲ," ಎಂದಳು ವರ್ಡಾ.