ರೋಮಿನಿಂದ ಬಂದ ಅತಿಥಿ

ಸುಗುಣ ಕಾವಲಿಗೆ ಮೊದಲ ದೋಸೆ ಹುಯ್ದಿದ್ದಳಷ್ಟೆ, ಬಾಗಿಲು ಬಡಿದ ಸದ್ದಾಯಿತು. ಶಾಲೆಯವರು ಕಳಿಸಿದ ರೋಮನ್ ಕ್ವಿಂಟಸ್ ಬಂದಿದ್ದ. ಏಳನೇ ತರಗತಿಯ ಮಕ್ಕಳ ಮನೆಗೆ ಎರಡು ಸಾವಿರ ವರ್ಷ ಹಿಂದಿನವರು ಸರದಿಯ ಮೇಲೆ ಬಂದು ಒಂದು ಬೆಳಗ್ಗೆ ಕಳೆಯುತ್ತಿದ್ದರು. ಹೋಗುವಾಗ ಇತಿಹಾಸದ ಅಂಕವನ್ನೂ ಅವರೇ ಕೊಡುತ್ತಿದ್ದರು. ಎದುರುಮನೆಯ ಹುಡುಗಿ ಮೊನ್ನೆ ಸೊನ್ನೆ ತೆಗೆದುಕೊಂಡಿದ್ದಳು.

ಕ್ವಿಂಟಸ್ ದಿವಾನದ ಮೇಲೆ ಎಡ ಮೊಣಕೈ ಊರಿ ಒರಗಿದ. ಅವನ ಚಪ್ಪಲಿ ಹಿಡಿದುಕೊಂಡು ಅವನ ಮುದಿ ಗುಲಾಮ ಕಾಲ ಬಳಿ ನಿಂತ.

“ನಿಮ್ಮ ಮನೆಯಲ್ಲಿ ಒಬ್ಬ ಗುಲಾಮನೂ ಇಲ್ಲವೇ?”

“ನಮ್ಮ ಕೈಕಾಲು ಗಟ್ಟಿಯಾಗಿವೆ ಸ್ವಾಮಿ,” ಎಂದು ಸುಗುಣ ಐದನೇ ದೋಸೆ ಬಡಿಸಿದಳು. ಲೋಕಕ್ಕೆಲ್ಲ ರಸ್ತೆ ಹಾಕಿಕೊಟ್ಟವರಂತೆ, ಕಾನೂನು ಕಲಿಸಿದವರಂತೆ! ತನ್ನ ಚಪ್ಪಲಿ ತಾನೇ ಮೆಟ್ಟಿಕೊಳ್ಳಲು ಬರದ ಗಂಡಸು.

ಮಗಳು ಇಂಪನಾ ಸ್ನಾನ, ಉಡುಗೆ, ಮದುವೆ ಎಂದು ಶಾಲೆಯವರು ಕೊಟ್ಟ ಹಾಳೆಯಲ್ಲಿದ್ದ ಪ್ರಶ್ನೆಗಳನ್ನೆಲ್ಲ ಕೇಳಿ ಮುಗಿಸಿದ್ದಳು. ಆದರೂ ಮುದುಕನ ಕಡೆ ನೋಡುವಳು, ಬಾಯಿ ತೆರೆಯುವಳು, ಮುಚ್ಚುವಳು. ‘ಗುಲಾಮರನ್ನು ಮಾತಾಡಿಸಿದರೆ ಅಂಕವಿಲ್ಲ’ ಎಂದು ಹಾಳೆಯ ಕೆಳಗೆ ಅಚ್ಚಾಗಿತ್ತು.

ಸುಗುಣ ಮಗಳ ತಲೆ ಸವರಿದಳು. “ಕೇಳ್ಬಿಡು ಪುಟ್ಟೀ. ಸೊನ್ನೆ ಬಂದ್ರೆ ಬರ್ಲಿ, ನಾನೇ ಸಹಿ ಹಾಕ್ತೀನಿ.”

“ಗುಲಾಮನೊಡನೆಯೇ?” ಕ್ವಿಂಟಸ್ ದಡಬಡಿಸಿ ಎದ್ದು ಕೂತ.

ಇಂಪನಾ ಅವನತ್ತ ತಿರುಗಲೂ ಇಲ್ಲ.

“ತಾತಾ, ನಿಮ್ದು ತಿಂಡಿ ಆಯ್ತಾ?”