ಒಂಟಿ ರೆಕ್ಕೆಯ ಯೋಧೆ

"ಹಾಕ್ಲಾ ಅಪ್ಪ?" ಮಗಳ ಹೆಬ್ಬೆರಳು ಫೋನಿನ ಮೇಲೆ ಚಡಪಡಿಸುತ್ತಿತ್ತು. ಬಿಡಿಭಾಗ ಜೋಡಿಸಿ ಕಟ್ಟುವ ಯೋಧರ ಗೊಂಬೆಗಳ ಹೊಸ ಸೆಟ್ಟಿನಲ್ಲಿ ಯಾರು ಬರಬಹುದೆಂದು ಅಭಿಮಾನಿಗಳ ಗುಂಪಿನಲ್ಲಿ ವಾರದಿಂದ ಜಟಾಪಟಿ ನಡೆದಿತ್ತು. ಎಲ್ಲರೂ ಡ್ರ್ಯಾಗನ್ ಎಂದರೆ, ಇವಳೊಬ್ಬಳು ಒಂಟಿ ರೆಕ್ಕೆಯ ಮುದಿ ಯೋಧೆಯನ್ನು, ಮೊಣಕಾಲಿನ ಕೀಲನ್ನೂ ಬಿಡದೆ, ಫೋನಿನಲ್ಲಿ ಚಿತ್ರಿಸಿಟ್ಟಿದ್ದಳು.

ಅಪ್ಪ ಕುರ್ಚಿಯಿಂದ ಎದ್ದ, ಮತ್ತೆ ಕುಳಿತ. ಆ ಗೊಂಬೆಗಳ ಪೆಟ್ಟಿಗೆ ಅಚ್ಚಾಗುವ ಪ್ರೆಸ್ಸಿನಲ್ಲೇ ಅವನ ಕೆಲಸ; ಅದು ಮಗಳಿಗೂ ಗೊತ್ತು. ಇದೇ ಯೋಧೆಯ ಚಿತ್ರ ಅಚ್ಚಾದ ಪೆಟ್ಟಿಗೆಯ ರಟ್ಟುಗಳನ್ನು ಬೆಳಗ್ಗೆಯಷ್ಟೇ ಕತ್ತರಿಸಿ ಬಂದಿದ್ದ. ಗುಟ್ಟು ಹೊರಬಿದ್ದರೆ ಕೆಲಸ ಹೋಗುತ್ತದೆಂದು ಸಹಿ ಬೇರೆ ಮಾಡಿಸಿಕೊಂಡಿದ್ದರು. ಮಗಳ ಚಿತ್ರ ಕಂಡರೆ ಎಲ್ಲರ ಬೆರಳೂ ಅವನತ್ತಲೇ.

"ಬೇಡಮ್ಮ."

"ಅಷ್ಟು ಕೆಟ್ಟದಾಗಿದೆಯಾ?" ಅವಳ ಮುಖ ಬಾಡಿತು. "ಎರಡು ವರ್ಷದಿಂದ ನನ್ನ ಊಹೆ ಒಂದೂ ನಿಜ ಆಗಿಲ್ಲ. ನಗ್ತಾರೆ, ಅಲ್ವಾ?"

"ಹಾಗಲ್ಲ ಕಣೇ... ಅದು..." ಬೆವೆತ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಅವಳ ಕಣ್ಣು ತಪ್ಪಿಸಿ ಕಿಟಕಿಯತ್ತ ನೋಡಿದ.

ಮಗಳು ಅವನನ್ನೇ ದಿಟ್ಟಿಸಿದಳು. ಮೆಲ್ಲಗೆ ಅವಳ ಕಣ್ಣುಗಳು ಅರಳಿದವು. ಥಟ್ಟನೆ ಅಪ್ಪನ ಬಾಯಿಗೆ ಕೈ ಅಡ್ಡ ಹಿಡಿದು, ಇನ್ನೊಂದು ಕೈಯಲ್ಲಿ ಚಿತ್ರವನ್ನು ಅಳಿಸಿಬಿಟ್ಟಳು.

"ಏನೂ ಹೇಳ್ಬೇಡಿ ಅಪ್ಪ. ಯಾರಿಗೂ ಗೊತ್ತಾಗೋದು ಬೇಡ. ನನಗೆ ಗೊತ್ತಾಯ್ತಲ್ಲ!"