ತುಟಿಗೆ ಹೊಂದಿದ ಮಾತು

ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ಕತ್ತಿ ಇಡುವ ಹೊತ್ತಿಗೆ ಸರಿಯಾಗಿ ಕ್ಷೌರಿಕನ ಮೊಬೈಲು ಬಡಿದುಕೊಂಡಿತು. "ಹೊರಡ್ತಾಳಂತಾ? ಹೊರಡಲಿ ಬಿಡಪ್ಪಾ. ನಾನು ಬರಲ್ಲ" ಎಂದವನೇ ಅದನ್ನು ಬಾಚಣಿಗೆಗಳ ಪಕ್ಕ ಕುಕ್ಕಿದ. ಕುರ್ಚಿಯಲ್ಲಿದ್ದ ಗಿರಾಕಿ ಏನನ್ನೂ ಕೇಳಿರಲಿಲ್ಲ. ಆದರೂ ಉತ್ತರ ಬಂತು. ಕ್ಷೌರದಂಗಡಿಯಲ್ಲಿ ಉತ್ತರ ಸಿಗಲು ಪ್ರಶ್ನೆ ಕೇಳಲೇಬೇಕೆಂದೇನಿಲ್ಲ.

"ನಮ್ಮಕ್ಕ ಸಾರ್. ಎರಡು ಬೀದಿ ಆಚೆ ಮನೆ. ಮಗಳಿರೋ ಊರಿಗೆ ಹೋಗ್ತಾಳಂತೆ, ಬಾಗಿಲ ಮುಂದೆ ಲಾರಿ ನಿಂತಿದೆಯಂತೆ. ಹದಿನಾಲ್ಕು ವರ್ಷದ ಹಿಂದೆ ಏನೋ ಮಾತಿಗೆ ಮಾತು ಬೆಳೀತು, ನನ್ನ ಮುಖದ ಮೇಲೇ ಬಾಗಿಲು ಹಾಕ್ಕೊಂಡ್ಳು. ಒಂದು ಗಂಟೆ ಮೆಟ್ಟಿಲ ಮೇಲೆ ಕೂತಿದ್ದೆ. ತಟ್ಟಲೋ ಬೇಡವೋ, ತಟ್ಟಲೋ ಬೇಡವೋ. ತಲೆ ಕೆಟ್ಟು ಎದ್ದು ಸಿನಿಮಾಕ್ಕೆ ಹೋದೆ. ಅಲ್ಲಿ ಸಿಕ್ತು ನೋಡಿ!"

ಅವನು ಕತ್ತಿಯಲ್ಲೇ ಕನ್ನಡಿಯ ಮೇಲ್ತುದಿ ತೋರಿಸಿದ. ಅಲ್ಲೊಂದು ರಟ್ಟಿನ ಚೀಟಿ. ಶಾಲೆಯ ಮಕ್ಕಳ ಹಾಗೆ ತಿದ್ದಿ ತಿದ್ದಿ ಬರೆದ ಅಕ್ಷರ: ಮುಚ್ಚಿದ ಬಾಗಿಲನ್ನು ಮತ್ತೆ ಬಡಿಯಬೇಡ.

ಗಿರಾಕಿ ಅದನ್ನು ಮತ್ತೊಮ್ಮೆ ಓದಿದ. ಆ ಮಾತು ಅವನದೇ. ಬೇರೆ ಭಾಷೆಯ ಚಿತ್ರಗಳಿಗೆ ನಮ್ಮ ಭಾಷೆಯ ಸಂಭಾಷಣೆ ಹೊಂದಿಸುವುದು ಅವನ ಕಸುಬು. ಇಪ್ಪತ್ತೈದು ವರ್ಷದಿಂದ ಪರದೆಯ ಮೇಲಿನವರ ಬಾಯಿ ನೋಡಿ ನೋಡಿ ಮಾತು ಹೊಲಿದುಕೊಡುತ್ತಿದ್ದ. ಒಂದು ಪೋಸ್ಟರಿನ ಮೂಲೆಯಲ್ಲೂ ಹೆಸರು ಬಂದಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲಂತೂ ಮನೆಯಲ್ಲಿ ಅವನು ಬಾಯಿ ತೆರೆಯುತ್ತಿದ್ದುದು ಊಟಕ್ಕೆ ಮಾತ್ರ. ಅಂಥವನ ಒಂದು ಸಾಲನ್ನು ಯಾರೋ ಹದಿನಾಲ್ಕು ವರ್ಷ ತಲೆಯ ಮೇಲೆ ಇಟ್ಟುಕೊಂಡಿದ್ದರು. ಖುಷಿಯಾಯಿತು. ನಾಚಿಕೆಯಾಗುವಷ್ಟು ಖುಷಿಯಾಯಿತು.

"ಬರೆದವನು ಯಾರೋ, ಪುಣ್ಯಾತ್ಮ" ಎಂದ ಕ್ಷೌರಿಕ. "ಅವನಿಲ್ದಿದ್ರೆ ನಾನು ದಿನಾ ಹೋಗಿ ಆ ಬಾಗಿಲ ಮುಂದೆ ನಿಂತು ಮಾನ ಕಳ್ಕೋತಿದ್ದೆ. ಸಿಕ್ಕಿದ್ರೆ ಕಾಲಿಗೆ ಬೀಳ್ತೀನಿ."

"ನಾನೇ."

ನಂಬಿಸಲು ಸ್ವಲ್ಪ ಹೊತ್ತು ಹಿಡಿಯಿತು. ನಂಬಿದ ಮೇಲೆ ಕ್ಷೌರಿಕ ಕತ್ತಿ ಕೆಳಗಿಟ್ಟು, ನೊರೆ ಮೆತ್ತಿದ ಕೈಯಲ್ಲೇ ಅವನ ಎರಡೂ ಕೈ ಹಿಡಿದುಕೊಂಡ. "ಎಷ್ಟು ನೊಂದಿರಬೇಕು ಸಾರ್ ನೀವು, ಇಂಥ ಮಾತು ಬರೆಯೋಕೆ!" ಅವನ ಕಣ್ಣು ತುಂಬಿತ್ತು. ಹೂಂ ಎಂದುಬಿಟ್ಟರೆ ಮುಗಿಯುತ್ತಿತ್ತು. ಜೀವನದಲ್ಲಿ ಸಿಕ್ಕಿದ ಒಬ್ಬನೇ ಒಬ್ಬ ಅಭಿಮಾನಿ ಹಾಗೇ ಉಳಿಯುತ್ತಿದ್ದ. ಲಾರಿಯೂ ಅದರ ಪಾಡಿಗೆ ಹೋಗುತ್ತಿತ್ತು. ಸಂಭಾಷಣೆಕಾರ ಇಲ್ಲವೆಂದು ತಲೆಯಾಡಿಸಿದ.

"ನೋವೂ ಇಲ್ಲ, ಏನೂ ಇಲ್ಲ. ಅವಸರ. ಮೂಲ ಚಿತ್ರದಲ್ಲಿ ಆ ಮುದುಕ ಅಪ್ಪ ಮಗನಿಗೆ 'ಇನ್ನೊಂದು ಸಲ ಹೋಗಿ ತಟ್ಟು' ಅಂತಾನೆ. ಆದ್ರೆ ಅವನ ಮುಖ ಪರದೆ ತುಂಬ ಇದೆ. ಅವರ ಭಾಷೇಲಿ ಅದನ್ನ ಹೇಳುವಾಗ ಐದು ಸಲ ತುಟಿ ಕೂಡುತ್ತೆ. ನಮ್ಮದರಲ್ಲಿ ಹೇಳಿ ನೋಡಿ, ಒಂದು ಸಲಾನೂ ಕೂಡಲ್ಲ. ಮ, ಬ ಇರೋ ಮಾತೇ ಬೇಕಿತ್ತು. ಊಟಕ್ಕೆ ಏಳೋದ್ರೊಳಗೆ ಆ ಭಾಗ ಮುಗಿಸಬೇಕಿತ್ತು. ಹೊಳೆದದ್ದನ್ನ ಬರೆದುಬಿಟ್ಟೆ. ಆಮೇಲೆ ಮಗ ಹೋಗಿ ತಟ್ಟೋ ದೃಶ್ಯಾನ ಉದ್ದ ಆಯ್ತು ಅಂತ ಕತ್ತರಿಸಿದ್ರು. ಯಾರಿಗೂ ಗೊತ್ತಾಗ್ಲಿಲ್ಲ."

ಕ್ಷೌರಿಕ ಕೈ ಬಿಟ್ಟ. ಕನ್ನಡಿಯ ಕಡೆ ತಿರುಗಿ, "ಇನ್ನೊಂದು ಸಲ ಹೋಗಿ ತಟ್ಟು" ಎಂದ. ಬಾಯಿ ತೆರೆದೇ ಇತ್ತು. ಆಮೇಲೆ ಚೀಟಿ ಓದುತ್ತ ಒಂದೊಂದೇ ಬೆರಳು ಮಡಚಿದ. ಒಂದು ಕೈಯ ಬೆರಳೆಲ್ಲ ಮುಗಿದವು.

"ತುಟಿಗೋಸ್ಕರಾನಾ ಸಾರ್?"

"ತುಟಿಗೋಸ್ಕರ."

"ಜ್ವರ ಬಂದು ಈ ಅಂಗಡೀಲೇ ಬಿದ್ದಿದ್ದೆ ಒಂದ್ಸಲ, ನಾಲ್ಕು ದಿನ. ನೀರು ಕೊಡೋರಿಲ್ಲ. ಅಕ್ಕನಿಗೆ ಹೇಳಿ ಕಳಿಸಲಾ ಅಂದ್ರು ಪಕ್ಕದೋರು. ಬೇಡ ಅಂದೆ. ಇದನ್ನೇ ನೋಡ್ಕೊಂಡು ಮಲಗಿದ್ದೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು ಎಂದು ಸಂಭಾಷಣೆಕಾರನಿಗೆ ಅನಿಸಿತು.

"ಹೋಗಿ" ಎಂದಷ್ಟೇ ಹೇಳಿದ. "ಲಾರಿ ಹೊರಡೋದ್ರೊಳಗೆ ಹೋಗಿ. ನನ್ನ ಇನ್ನೊಂದು ಕೆನ್ನೆ ಎಲ್ಲಿಗೂ ಓಡಿಹೋಗಲ್ಲ."

ಕ್ಷೌರಿಕ ಕೈ ಒರೆಸಿಕೊಂಡು ಚಪ್ಪಲಿ ಹುಡುಕಿದ. ಅವಸರದಲ್ಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಮೆಟ್ಟಿ ಮೆಟ್ಟಿಲಿಳಿದವನು, ಏನೋ ಮರೆತವನಂತೆ ಬೀದಿಯಲ್ಲೇ ನಿಂತ. ಅವನ ತುಟಿ ಅಲ್ಲಾಡುತ್ತಿದ್ದವು. ಬೆರಳು ಒಂದೊಂದಾಗಿ ಮಡಚಿಕೊಳ್ಳುತ್ತಿದ್ದವು. ಆಮೇಲೆ ಅಂಗಡಿಯ ಕಡೆ ತಿರುಗಿದ.

"ಮತ್ತೊಮ್ಮೆ ಬಾಗಿಲು ಬಡಿದು ಬಾ" ಎಂದ. "ಇದಕ್ಕೂ ಐದು ಸಲ ಕೂಡುತ್ತಲ್ಲಾ ಸಾರ್?"